ಎರಡು ಅಂಗುಲದ ಕೊರತೆ

ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ತನ್ನ ತುಂಟಮಗನನ್ನು ಒರಳಿಗೆ ಕಟ್ಟಹೋದಾಗ ಹಗ್ಗವು ಎರಡು ಅಂಗುಲ ಸಾಲದಾಗಿ, ಮತ್ತೊಂದು ಹಗ್ಗವನ್ನು ಗಂಟಿಕ್ಕಲು ಅದೂ ಎರಡೇ ಅಂಗುಲ ಸಾಲದಾಗಿ, ಮನೆಯ ಹಗ್ಗಗಳೆಲ್ಲ ತೀರಿದರೂ ಆ ಎರಡು ಅಂಗುಲಗಳು ಮಾತ್ರ ತೀರಲಿಲ್ಲವೆಂಬ ಪ್ರಸಂಗವನ್ನು ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಎಷ್ಟು ಸಲ ವ್ಯಾಖ್ಯಾನಿಸಿದೆನೋ ಲೆಕ್ಕವಿಲ್ಲ. ಒಂದು ಅಂಗುಲವು ಜೀವನ ಪ್ರಯತ್ನವೆಂದೂ ಇನ್ನೊಂದು ಭಗವಂತನ ಕೃಪೆಯೆಂದೂ ಪೂರ್ವಸೂರಿಗಳು ಹೇಳಿದುದನ್ನು ನನ್ನ ಸ್ವಂತದ್ದೆಂಬಂತೆ ಧ್ವನಿ ತಗ್ಗಿಸಿ ಹೇಳಿ, ಹುಡುಗರ ಆಕಳಿಕೆಯನ್ನು ಭಾವಪರವಶತೆಯೆಂದು ತಿಳಿದು ಹಿಗ್ಗಿದವನು ನಾನು. ಆದರೆ ಆ ಪ್ರಸಂಗದಲ್ಲಿ ವ್ಯಾಖ್ಯಾನಿಸುವುದಕ್ಕೆ ಏನೂ ಇಲ್ಲ, ಅದು ಕೂಸನ್ನು ಸಾಕಿದ ಹೆಂಗಸೊಬ್ಬಳ ಸರಳವಾದ ವರದಿ ಎಂಬ ಜ್ಞಾನವು ನನಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊಮ್ಮಗಳು ನಮ್ಮೂರಾದ ಯಲವಿಗಿಗೆ ಬಂದ ಒಂಬತ್ತನೆಯ ರಾತ್ರಿ ಉಂಟಾಯಿತು.

ಇಪ್ಪತ್ತು ತಿಂಗಳಿನ ಈ ಕೂಸನ್ನು ಮನೆಯಲ್ಲಿ ಚಿಗರಿ ಎಂದು ಕರೆಯುತ್ತೇವೆ. ಹೆಸರು ಅಷ್ಟು ಸಮರ್ಪಕವಲ್ಲ. ರಾಣೆಬೆನ್ನೂರಿನ ಅಭಯಾರಣ್ಯದ ಚಿಗರಿಗಳು ಜಿಗಿಯುತ್ತವೆಯೇ ಹೊರತು ಏರುವುದಿಲ್ಲ, ಇವಳಾದರೋ ಮೊದಲು ಏರಿ ಅನಂತರ ಜಿಗಿಯುತ್ತಾಳೆ. ಗದಗಿನಿಂದ ನಮ್ಮೂರಿಗೆ ಹೊಸ ರೈಲುಹಾದಿ ಬರುವುದೆಂಬ ಮಾತನ್ನು ಬಹುವರ್ಷಗಳಿಂದ ಕೇಳುತ್ತ ಕೇಳುತ್ತ ನನಗೆ ಕೂದಲು ನೆರೆತು, ನೆರೆತದ್ದು ಉದುರಿಯೂ ಹೋಯಿತು. ಇವಳು ಕಟ್ಟೆಯಿಂದ ಕುರ್ಚಿ, ಕುರ್ಚಿಯಿಂದ ಕಿಟಕಿ, ಕಿಟಕಿಯಿಂದ ನಾಗಂದಿಗೆ ಎಂಬ ಹೊಸ ಮಾರ್ಗದ ಸಮೀಕ್ಷೆ, ಮಂಜೂರಾತಿ, ಉದ್ಘಾಟನೆಗಳನ್ನೆಲ್ಲ ಒಂದೇ ಮುಂಜಾನೆಯಲ್ಲಿ ಪೂರೈಸಿದಳು. ನಮ್ಮ ತಾಲೂಕಿನಲ್ಲಿ ಇವಳು ಏರದೆ ಉಳಿದಿರುವುವೆಂದರೆ ಸವಣೂರಿನ ದೊಡ್ಡಹುಣಸೆ ಮಠದ ಆ ಮೂರು ಮಹಾವೃಕ್ಷಗಳು ಮಾತ್ರ. ಅದಕ್ಕೂ ಅವುಗಳ ಗಾತ್ರವು ಕಾರಣವಲ್ಲ, ಅವನ್ನು ಇವಳಿಗೆ ಇನ್ನೂ ತೋರಿಸಿಲ್ಲ.

ಹಗಲಿನಲ್ಲಿ ಮನೆಮಂದಿಯ ಕಣ್ಣುಗಳೆಲ್ಲ ಇವಳಿಗೆ ಕಾವಲು, ಗಂಡಾಂತರವಿರುವುದು ರಾತ್ರಿಯಲ್ಲಿ. ಅದಕ್ಕೆಂದು ಮಗನು ಹುಬ್ಬಳ್ಳಿಯಿಂದ ಸುತ್ತಲೂ ಕಟಕಟೆಯುಳ್ಳ, ಕಾಲುಗಳಿಗೆ ಗಾಲಿಗಳುಳ್ಳ ಕೂಸಿನ ಮಂಚವೊಂದನ್ನು ತಂದನು. ಕಟಕಟೆಯ ಕಂಬಿಗಳ ನಡುವಣ ಸಂದು ೬ ಸೆಂಟಿಮೀಟರನ್ನು ಮೀರಕೂಡದು, ಮೀರಿದರೆ ಕೂಸಿನ ಮೈ ನುಸುಳಿ ತಲೆಯು ಸಿಕ್ಕಿಕೊಂಡೀತು, ಎಂದು ಸೊಸೆಯು ಹೇಳಿದುದೇ ತಡ, ನಾನು ಅಳತೆಪಟ್ಟಿಯನ್ನು ಹಿಡಿದು ಒಂದೊಂದು ಸಂದನ್ನೂ ಅಳೆದೆನು. ೩೫ ಅಂಗುಲ ಎತ್ತರಕ್ಕೆ ಬೆಳೆದ ಕೂಸನ್ನು ಅಂತಹ ಮಂಚದಲ್ಲಿ ಮಲಗಿಸಬಾರದೆಂದು ಅಮೆರಿಕೆಯ ಮಕ್ಕಳ ವೈದ್ಯರ ಮತವಂತೆ. ಚಿಗರಿಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಬೆಲ್ಲದ ಆಸೆ ತೋರಿಸಿ, ಸೀಸದಕಡ್ಡಿಯಿಂದ ಗೆರೆ ಎಳೆದು ನೋಡಲಾಗಿ ಸರಿಯಾಗಿ ೩೩ ಅಂಗುಲ. ಇನ್ನೂ ಎರಡು ಅಂಗುಲಗಳ ಅವಕಾಶ! ದೀಪಾವಳಿಯವರೆಗೆ ಈ ಮಂಚವನ್ನು ದಾಟುವುದು ಶಾಸ್ತ್ರತಃ ಅಸಾಧ್ಯವೆಂದು ನಾನು ಪಡಸಾಲೆಯಲ್ಲಿ ನಿಂತು ಘೋಷಿಸಿದೆನು. ಅಂದಿನ ಸಂಜೆಯೇ ಅವಳು ದಿಂಬಿನ ಮೇಲೆ ರಬ್ಬರಿನ ಆನೆಯನ್ನಿಟ್ಟು, ಆನೆಯ ಮೇಲೆ ಕಾಲಿಟ್ಟು, ಹೊರಗೆ ಬಂದು ನನ್ನ ಎಲೆಯಡಕೆಯ ಚೀಲವನ್ನು ಬರಿದುಮಾಡಿದಳು. ಶಾಸ್ತ್ರವು ಕೂಸನ್ನು ಅಳೆದಿತ್ತು, ಆನೆಯನ್ನು ಅಳೆದಿರಲಿಲ್ಲ.

ಇನ್ನು ಉಪದೇಶಕರು. ಊರಲ್ಲಿ ಒಂದು ಕೂಸು ಮಂಚದಿಂದ ಇಳಿದರೆ ಹತ್ತು ಮಂದಿ ತಮ್ಮ ಕಟ್ಟೆಗಳಿಂದ ಇಳಿದು ಬರುತ್ತಾರೆ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ೨೦೨೨ರಲ್ಲಿ ಲಖನೌ ಮೇಲ್ ಗಾಡಿಯಲ್ಲಿ ತಾಯಂದಿರ ಬರ್ತಿನ ಮಗ್ಗುಲಿಗೆ ಕೂಸಿನ ಬರ್ತೊಂದನ್ನು ಜೋಡಿಸಿ ನೋಡಿದ ವಾರ್ತೆಯನ್ನು, ತಾವೇ ಜೋಡಿಸಿದಂತೆ ಮೂರು ಸಲ ವಿವರಿಸಿದರು. ಉಳಿದವರದೆಲ್ಲ ಒಂದೇ ಮಂತ್ರ: “ಅಟ್ಟದ ಮ್ಯಾಲಿನ ತೊಟ್ಟಿಲಾ ಇಳಸ್ರೀ ಮಾಸ್ತರ, ಕಲಘಟಗಿ ತೊಟ್ಟಿಲಾ ಇಟಗೊಂಡು ಹುಬ್ಬಳ್ಳಿ ಮಂಚಾ ಯಾಕ ತಂದ್ರಿ?” ನಮ್ಮ ಅಟ್ಟದಲ್ಲಿ ಅಂತಹದೊಂದು ತೊಟ್ಟಿಲಿರುವುದು ನಿಜ, ನಾಲ್ಕೂ ಮಗ್ಗುಲಿಗೆ ಬಣ್ಣದಲ್ಲಿ ಬರೆದ ಕೃಷ್ಣಲೀಲೆ, ತೂಗುವುದಕ್ಕೆ ಹಿತ್ತಾಳೆಯ ಸರಪಳಿ. “ಅದಕ್ಕ ಗೆದ್ದಲ ಹತ್ಯದ” ಎಂದು ನಾನು ಹೇಳುತ್ತ ಬಂದೆನು. “ಸಾಗವಾನಿಗೆ ಗೆದ್ದಲ ಏನ್ರೀ?” ಎಂದು ಬಡಿಗೇರನು ನಕ್ಕಾಗ ಮಾತ್ರ, ನನಗೆ ಅಕಾರಣವಾಗಿ ಕೋಪ ಬಂದು, ಅವನ ಲೆಕ್ಕದಲ್ಲಿ ಹತ್ತು ರೂಪಾಯಿ ಮುರಿದುಕೊಂಡೆನು.

ಒಂಬತ್ತನೆಯ ದಿವಸ ಮಗ-ಸೊಸೆ ಮದುವೆಯೊಂದಕ್ಕಾಗಿ ಹುಬ್ಬಳ್ಳಿಗೆ ಹೋದರು. ನನ್ನ ಹೆಂಡತಿಯು ಹಗಲೆಲ್ಲ ಕೂಸಿನ ಹಿಂದೆ ಓಡಾಡಿ ದಣಿದು ಒಳಕೋಣೆಯಲ್ಲಿ ಒರಗಿದಳು. ರಾತ್ರಿಯ ಪಾರುಪತ್ಯವೆಲ್ಲ ನನ್ನದಾಯಿತು. ಆಗ, ಕಟಕಟೆಯ ಮಂಚದ ಮಗ್ಗುಲಿಗೆ ಗಾದಿ ಹಾಸಿಕೊಂಡು ಮಲಗಿದ ನನ್ನ ತಲೆಯಲ್ಲಿ ಯಶೋದೆಯು ಪ್ರಕಾಶಿಸಿದಳು. ಅವಳು ಮಾಡಿದ ತಪ್ಪೆಂದರೆ ಕೂಸನ್ನು ಒರಳೆಂಬ ಜಡವಸ್ತುವಿಗೆ ಕಟ್ಟಿದುದು; ಎಚ್ಚರವುಳ್ಳ ಒಂದು ಪ್ರಾಣಿಗೆ, ಎಂದರೆ ನನಗೆ, ಕಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಹಳೆಯ ಧೋತರದ ಅಂಚನ್ನು ಹರಿದು, ಒಂದು ತುದಿಯನ್ನು ಅವಳ ಕಾಲಿನ ಗೆಜ್ಜೆಗೆ ಕಟ್ಟಿ, ಕಂಬಿಯ ಸಂದಿನಿಂದ ಹೊರಕ್ಕೆ ತಂದು, ಇನ್ನೊಂದು ತುದಿಯನ್ನು ನನ್ನ ಬಲಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡೆನು. ಅಂಚು ಸಾಲದೆ ಬರಲಿಲ್ಲ, ಎರಡು ಅಂಗುಲ ಹೆಚ್ಚೇ ಆಯಿತು. ಆಗಲಾದರೂ ನನಗೆ ಸಂಶಯ ಬರಬೇಕಾಗಿತ್ತು.

ಆ ಏರ್ಪಾಡಿನ ಸೊಗಸನ್ನು ಏನೆಂದು ಬಣ್ಣಿಸಲಿ! ದೀಪವಾರಿಸಿ ಮಲಗಿ ಹೆಬ್ಬೆರಳನ್ನು ಮೆಲ್ಲಗೆ ಜಗ್ಗಿದರೆ, ಆ ಕಡೆಯಿಂದ ಗೆಜ್ಜೆಯು ಘಲ್ ಎಂದು “ಇದ್ದೇನೆ ಅಜ್ಜಾ” ಎಂಬಂತೆ ಉತ್ತರ ಕೊಡುತ್ತಿತ್ತು. ಮೊದಲು ಐದು ನಿಮಿಷಕ್ಕೊಮ್ಮೆ ಜಗ್ಗಿದೆನು, ಘಲ್. ಅನಂತರ ಹತ್ತು ನಿಮಿಷಕ್ಕೊಮ್ಮೆ, ಘಲ್. ಸ್ಟೇಶನ್ನಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಗಡಗಡಿಸಿ ಹೋಗುವಾಗ ಕೂಸು ಎಲ್ಲಿ ಬೆದರೀತೋ ಎಂದು ಜಗ್ಗಿದೆನು, ಘಲ್. ಹನ್ನೊಂದರಿಂದ ಎರಡರವರೆಗೆ ಆ ಕತ್ತಲೆಯಲ್ಲಿ ಅಜ್ಜ-ಮೊಮ್ಮಗಳ ನಡುವೆ ಹೆಬ್ಬೆರಳು-ಗೆಜ್ಜೆಗಳ ಮೂಲಕ ನಡೆದ ಆ ಸಂಭಾಷಣೆಯಷ್ಟು ಮಧುರವಾದ, ತಂಟೆತಕರಾರಿಲ್ಲದ ಸಂಭಾಷಣೆಯನ್ನು ನಾನು ನನ್ನ ಸಂಸಾರದಲ್ಲಿ ಯಾರೊಂದಿಗೂ ಮಾಡಿದ್ದಿಲ್ಲ. ಒಮ್ಮೆ ಭಾವೋದ್ರೇಕದಿಂದ ಎರಡು ಸಲ ಜಗ್ಗಿದೆನು, ಘಲ್ ಘಲ್. ನನ್ನ ಕಣ್ಣಂಚು ಒದ್ದೆಯಾಯಿತು.

ಎರಡು ಹೊಡೆದ ಮೇಲೆ ತಲೆಯ ಮೇಲ್ಗಡೆಯಿಂದ, ಎಂದರೆ ಮೂಲೆಯಲ್ಲಿ ಎರಡು ಟ್ರಂಕುಗಳ ಮೇಲೆ ಅಡಕಲು ಹಾಕಿದ ಗಾದಿಗಳ ತುದಿಯಿಂದ, “ಅಜ್ಜಾ” ಎಂಬ ಅಶರೀರವಾಣಿಯು ಕೇಳಿಸಿತು. ನಾನು ಜಗ್ಗಿದೆನು, ಮಂಚದಿಂದ ಘಲ್. “ಅಜ್ಜಾ” ಎಂದಿತು ಮೇಲಿನ ಧ್ವನಿ. ಒಂದೇ ಕೂಸು ಎರಡು ಕಡೆ ಇರುವುದು ರಾಸಕ್ರೀಡೆಯಲ್ಲಲ್ಲದೆ ಬೇರೆಲ್ಲಿಯೂ ಸಲ್ಲದು. ಆಗ ಅರ್ಥವಾಯಿತು. ಅವಳು ಯಾವ ಘಳಿಗೆಯಲ್ಲಿಯೋ ಗೆಜ್ಜೆಯನ್ನು ಪಾದದಿಂದ ಜಾರಿಸಿ, ಧೋತರದ ಅಂಚನ್ನು ಕಂಬಿಗೆ ಆಟಕ್ಕೆಂದು ನಾಲ್ಕು ಸುತ್ತು ಸುತ್ತಿ, ಆನೆಯ ಮಾರ್ಗವಾಗಿ ನಿರ್ಗಮಿಸಿದ್ದಳು. ಮೂರು ತಾಸು ನಾನು ಸಲ್ಲಾಪವಾಡಿದುದು ಬರಿಯ ಗೆಜ್ಜೆಯೊಂದಿಗೆ.

ಗಾಬರಿಯಿಂದ ಎದ್ದು ಹಾರಿದೆನು. ಹೆಬ್ಬೆರಳು ಹಾರಲಿಲ್ಲ. ಗಾಲಿಗಳ ಮಂಚವು ನನ್ನನ್ನು ಅನುಸರಿಸಿತು. ಭಾಗವತದಲ್ಲಿ ಒರಳನ್ನು ಎಳೆದುಕೊಂಡು ಎರಡು ಅರ್ಜುನವೃಕ್ಷಗಳ ನಡುವೆ ನುಸುಳಿದುದು ಕೂಸು. ಇಲ್ಲಿ ಆ ಪಾತ್ರವನ್ನು ಅಜ್ಜನು ವಹಿಸಿ, ಒಂದು ಕಡೆ ಬಟ್ಟೆಯ ಸ್ಟ್ಯಾಂಡು, ಇನ್ನೊಂದು ಕಡೆ ಪುಸ್ತಕದ ಕಪಾಟು, ಇವೆರಡರ ನಡುವೆ ಮಂಚವನ್ನು ಸಿಕ್ಕಿಸಿ ಎಳೆದನು. ಯಮಳಾರ್ಜುನಭಂಗವು ಸಾಂಗವಾಗಿ ನೆರವೇರಿತು. ದೀಪ ಹಚ್ಚಿ ಬಂದ ಹೆಂಡತಿಯು ಮೊದಲು ಕೂಸನ್ನು ನೋಡಿದಳು, ಆಮೇಲೆ ನನ್ನ ಹೆಬ್ಬೆರಳನ್ನು. “ಅಲ್ರೀ, ಹಗ್ಗಾ ಕಟ್ಟಾಕ ಅದೇನ್ ಕರೂ ಏನ್ರೀ? ಕಟಗೊಂಡು ನಿಂತಾವ್ರು ನೀವು!” ಚಿಗರಿಯು ಗಾದಿಗಳ ಶಿಖರದಲ್ಲಿ ಕುಳಿತು ಎರಡೂ ಕೈಗಳಿಂದ ಚಪ್ಪಾಳೆ ತಟ್ಟಿದಳು.

ಪ್ರಸಂಗವು ನಗೆಯಲ್ಲಿಯೇ ಮುಗಿಯುತ್ತಿತ್ತು. ಆದರೆ ಪುಸ್ತಕಗಳನ್ನು ಎತ್ತಿಡುವಾಗ ನನ್ನ ಕೈ ನಡುಗತೊಡಗಿತು. ಆ ಕಪಾಟು ಬಿದ್ದ ಕಡೆ ಕೂಸು ಇರಲಿಲ್ಲ. ಹಗಲಿನಲ್ಲಿ ಅವಳು ಅದರ ಹಲಗೆಗಳನ್ನು ನಿಚ್ಚಣಿಕೆ ಮಾಡಿಕೊಂಡುದನ್ನು ನಾನು ಎರಡು ಸಲ ನೋಡಿ ಎರಡು ಸಲವೂ ನಕ್ಕಿದ್ದೆನು.

ಅಟ್ಟದ ತೊಟ್ಟಿಲಿಗೆ ಗೆದ್ದಲು ಹತ್ತಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಅದರಲ್ಲಿ ಮಲಗಿದ್ದ ತಮ್ಮನನ್ನು ನೋಡಿಕೊಳ್ಳೆಂದು ಹೇಳಿ ಅವ್ವ ನೀರಿಗೆ ಹೋದಳು. ಸ್ಟೇಶನ್ನಿನಲ್ಲಿ ಉಗಿಬಂಡಿ ಕೂಗಿತು, ನಾನು ಗಾಡಿ ನೋಡಲು ಓಡಿದೆನು. ತಮ್ಮನು ಎದ್ದು ನಿಂತು ತೊಟ್ಟಿಲಿನ ಅಂಚನ್ನು ಏರಿದನು. ಬದುಕಿದನು, ಬಲಗಿವಿ ಹೋಯಿತು. ತೊಟ್ಟಿಲು ಅಟ್ಟಕ್ಕೇರಿತು, ಅವ್ವ ಒಂದು ದಿವಸವೂ ನನ್ನನ್ನು ಬಯ್ಯಲಿಲ್ಲ. ತಮ್ಮನ ಬಲಮಗ್ಗುಲಿಗೆ ನಿಂತು ನಾನು ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ. ಅವನಿಗೆ ಕೇಳಿಸಿಲ್ಲ.

ಮರುದಿನ ಬಂದ ಸೊಸೆಯು ಧೋತರದ ಅಂಚನ್ನು ಕೈಯಲ್ಲಿ ಹಿಡಿದು, ಧ್ವನಿ ಏರಿಸದೆ, “ಮಾವಾರ, ಕೂಸು ಮಲಗೂ ಕಡೆ ದಾರಾ-ಹಗ್ಗಾ ಏನೂ ಇರಬಾರದ್ರಿ. ಕೊಳ್ಳಿಗೆ ಸುತ್ತಿಗೊಂಡಿದ್ರ?” ಎಂದಳು. ಉತ್ತರವಿರಲಿಲ್ಲ. ಮಗ್ಗುಲ ಕಟಕಟೆಯು ಮೇಲೆ ಕೆಳಗೆ ಸರಿಯುವಂತಹ ಮಂಚಗಳಲ್ಲಿ ಸಿಕ್ಕಿ ಕೂಸುಗಳು ಪ್ರಾಣ ಬಿಟ್ಟುದರಿಂದ ಅಮೆರಿಕೆಯವರು ೨೦೧೧ರಲ್ಲಿ ಅವನ್ನು ನಿಷೇಧಿಸಿದರೆಂದೂ, ಏರಿದ ಕೂಸಿನ ಮೇಲೆ ಬಟ್ಟೆಯ ಕಪಾಟು ಮಗುಚಿ ಬೀಳದಂತೆ ತಯಾರಾಗಬೇಕೆಂಬ ಕಟ್ಟಳೆಯು ಅಲ್ಲಿ ೨೦೨೩ರಿಂದ ಜಾರಿಗೆ ಬಂದಿತೆಂದೂ ಅವಳಿಂದ ತಿಳಿದೆನು. ಬಡಿಗೇರನನ್ನು ಕರೆಸಿ, ಕಪಾಟನ್ನು ಪಡಸಾಲೆಗೆ ಸಾಗಿಸಿ ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಸಿ, ಮುರಿದುಕೊಂಡಿದ್ದ ಹತ್ತು ರೂಪಾಯಿಯನ್ನು ಅವನಿಗೆ ಕೊಟ್ಟುಬಿಟ್ಟೆನು. ಏತಕ್ಕೆಂದು ಅವನೂ ಕೇಳಲಿಲ್ಲ. ಮಂಚವು ಹಿಂದಿರುಗಿತು, ಟ್ರಂಕುಗಳೂ ಬಟ್ಟೆಯ ಸ್ಟ್ಯಾಂಡೂ ಒಳಕೋಣೆಗೆ ಹೋದವು, ಬಾಗಿಲಿಗೆ ಅಡ್ಡಗದವೊಂದು ಬಂದಿತು. ಕೂಸಿನ ಹಾಸಿಗೆಯನ್ನು ನೆಲದ ಮೇಲೆ ಗೋಡೆಯಿಂದ ದೂರಕ್ಕೆ ಹಾಸಿದುದಾಯಿತು; ಅದರ ಸುತ್ತ ನನ್ನ ಹೆಂಡತಿಯು ತನ್ನ ಕೌದಿಗಳನ್ನು ನೆಲಕ್ಕೆ ಹರವಿದಳು. ಈಗ ಆ ಕೋಣೆಯಲ್ಲಿ ಒಂದು ಗೇಣಿಗಿಂತ ಎತ್ತರವಾದುದು ಯಾವುದೂ ಇಲ್ಲ.

ಯಾವುದೂ ಇಲ್ಲವೆಂದರೆ ತಪ್ಪಾದೀತು. ಕಾವಲಿಗೆಂದು ಅಂಗಾತ ಮಲಗಿದ ನನ್ನ ಹೊಟ್ಟೆಯೊಂದಿದೆ. ಎತ್ತರವೆಂಬುದೇ ನಿರ್ನಾಮವಾದ ಆ ಬಯಲಿನಲ್ಲಿ ಚಿಗರಿಯು ಎರಡು ಸುತ್ತು ತಿರುಗಿ, ಉಳಿದ ಏಕೈಕ ಪರ್ವತವನ್ನು ಪತ್ತೆಹಚ್ಚಿ, ಪಕ್ಕೆಲುಬುಗಳ ಮಾರ್ಗವಾಗಿ ಏರಿ, ತುದಿಯಲ್ಲಿ ಬೋರಲಾಗಿ ಬಿದ್ದು ನಿದ್ದೆಹೋದಳು. ಸ್ಟೇಶನ್ನಿನಲ್ಲಿ ಗಾಡಿ ಕೂಗಿತು, ನಾನು ಕದಲಲಿಲ್ಲ. ಎರಡು ಹೊಡೆಯಿತು, ಮೂರು ಹೊಡೆಯಿತು. ಎಪ್ಪತ್ತೆರಡು ವರ್ಷದವನಿಗೆ ರಾತ್ರಿಯಲ್ಲಿ ಒಂದೆರಡು ಸಲ ಏಳಲೇಬೇಕಾದ ಕಾರಣವಿರುತ್ತದೆ. ಆದರೆ ಏರಿದವರು ಮೇಲೆ ನಿದ್ರಿಸುತ್ತಿರುವಾಗ ಪರ್ವತವೆದ್ದು ಹಿತ್ತಲಿಗೆ ಹೋಗಬಹುದೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲವಾದುದರಿಂದ, ಬೆಳಗಿನ ಕೋಳಿಯು ಕೂಗುವುದನ್ನೇ ಅತ್ಯಂತ ಆತುರದಿಂದ ಎದುರುನೋಡುತ್ತ ಮಲಗಿದ್ದೆನು.