‘ನಾನು ಇನ್ನೂ ಖಾಲಿ ಇದ್ದೇನೆ ಅಂದ್ರೆ ಅದಕ್ಕೊಂದು ಕಾರಣ ಇದೆ’

ಸಾವಿರ ರೂಪಾಯಿಗೆ ಡೊಮೈನ್ ಹೆಸರು ಕೊಂಡು ಕೋಟಿಗೆ ಮಾರಿದವರ ಕತೆಗಳು ಈಚೆಗೆ ಮೊಬೈಲಿನಲ್ಲಿ ಬೆರಳಿಟ್ಟಲ್ಲೆಲ್ಲ ಸಿಗುತ್ತಿವೆ. ಕೊಂಡವರು ಮಾತಾಡಿದ್ದಾರೆ, ಮಾರಿದವರು ಮಾತಾಡಿದ್ದಾರೆ, ಹೇಗೆ ಕೊಳ್ಳಬೇಕೆಂದು ಕಲಿಸುವ ಕೋರ್ಸು ಮಾರುವವರಂತೂ ಬಾಯಿ ಮುಚ್ಚಿಯೇ ಇಲ್ಲ. ಇಷ್ಟೆಲ್ಲ ಗದ್ದಲದಲ್ಲಿ ಮಾತಾಡದೆ ಉಳಿದದ್ದು ಹೆಸರು ಮಾತ್ರ. ಹಾಗಾಗಿ ಇನ್ನೂ ಯಾರೂ ನೋಂದಾಯಿಸದ ಒಂದು ಡಾಟ್ ಕಾಮ್ ಹೆಸರನ್ನು ಹುಡುಕಿ ಮಾತಿಗೆ ಕೂರಿಸಿದೆವು. ಅದು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹೆಸರನ್ನು ಪ್ರಕಟಿಸಕೂಡದು.

ನಾವು: ನೀವೇ ಹೆಸರು. ಹೆಸರು ಹಾಕಬೇಡಿ ಅಂದರೆ ಹೇಗೆ?

ಹೆಸರು: ಹಾಕಿದ್ರೆ ನಿಮ್ಮ ಪತ್ರಿಕೆ ಅಂಗಡಿಗೆ ಬರೋ ಮೊದಲೇ ಪ್ರೂಫ್ ನೋಡೋವರು ನನ್ನನ್ನ ಕೊಂಡುಬಿಡ್ತಾರೆ. ನಗಬೇಡಿ ಸ್ವಾಮಿ, ಇಂಥದ್ದು ನಡೆದಿದೆ. 2008ರ ಜನವರಿಯಲ್ಲಿ ನೆಟ್‌ವರ್ಕ್ ಸೊಲ್ಯೂಶನ್ಸ್ ಅನ್ನೋ ಅಮೆರಿಕದ ಹಳೇ ರಿಜಿಸ್ಟ್ರಾರ್, ಅಂದ್ರೆ ಹೆಸರು ನೋಂದಾಯಿಸಿಕೊಡೋ ಕಂಪನಿ, ಸಿಕ್ಕಿಬಿತ್ತು. ‘ಈ ಹೆಸರು ಖಾಲಿ ಇದೆಯಾ?’ ಅಂತ ಯಾರಾದ್ರೂ ಅವರಲ್ಲಿ ಕೇಳಿದ್ರೆ ಸಾಕು, ಅದನ್ನ ನಾಲ್ಕು ದಿನ ತನ್ನ ವಶದಲ್ಲಿಟ್ಟುಕೊಂಡು ಬೇರೆ ಯಾವ ಅಂಗಡಿಯಲ್ಲೂ ಸಿಗದ ಹಾಗೆ ಮಾಡ್ತಿತ್ತು. ಕೇಳಿದ್ದಕ್ಕೆ, ‘ಗ್ರಾಹಕರ ರಕ್ಷಣೆಗಾಗಿ’ ಅಂತ ಸಮಜಾಯಿಷಿ ಬೇರೆ.

ನಾವು: ನಿಮ್ಮ ವಂಶದ ಬಗ್ಗೆ ಸ್ವಲ್ಪ ಹೇಳಿ.

ಹೆಸರು: ಡಾಟ್ ಕಾಮ್‌ನಲ್ಲಿ ಮೊದಲು ನೋಂದಣಿ ಆದದ್ದು ಸಿಂಬಾಲಿಕ್ಸ್ ಡಾಟ್ ಕಾಮ್, 1985ರ ಮಾರ್ಚ್ 15ಕ್ಕೆ. ಕಂಪ್ಯೂಟರ್ ಮಾಡುತ್ತಿದ್ದ ಒಂದು ಕಂಪನಿಯದ್ದು. ಆಮೇಲೆ ಹತ್ತು ವರ್ಷ ನಾವು ಪುಕ್ಕಟೆ. ಅರ್ಜಿ ಹಾಕಿದ್ರೆ ಸಿಗುತ್ತಿದ್ದೆವು. ಯಾರಿಗೂ ಬೇಕಿರಲಿಲ್ಲ! 1994ರಲ್ಲಿ ಜೋಶುವಾ ಕ್ವಿಟ್ನರ್ ಅನ್ನೋ ಪತ್ರಕರ್ತ ಮೆಕ್‌ಡೊನಾಲ್ಡ್ಸ್ ಕಂಪನಿಗೆ ಫೋನು ಮಾಡಿ, ‘ನಿಮ್ಮ ಹೆಸರಿನ ಡಾಟ್ ಕಾಮ್ ಖಾಲಿ ಇದೆ, ಗೊತ್ತೇ?’ ಅಂತ ವಿಚಾರಿಸಿದ. ಆ ಕಡೆಯವರಿಗೆ ತಲೆಬುಡ ಅರ್ಥವಾಗಲಿಲ್ಲ. ಸರಿ, ತಾನೇ ಬರೆಸಿಕೊಂಡ. ಕಡೆಗೆ ನ್ಯೂಯಾರ್ಕಿನ ಒಂದು ಶಾಲೆಯ ಇಂಟರ್‌ನೆಟ್ ಸಂಪರ್ಕಕ್ಕೆ ಕಂಪನಿಯಿಂದ ದುಡ್ಡು ಕೊಡಿಸಿ ಹೆಸರು ಬಿಟ್ಟುಕೊಟ್ಟ. ಈ ದಂಧೆಯಲ್ಲಿ ಶಾಲೆಗೆ ಲಾಭ ಆದ ಕತೆ ನನಗೆ ತಿಳಿದ ಹಾಗೆ ಅದೊಂದೇ. 1995ರ ಸೆಪ್ಟೆಂಬರಿನಿಂದ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಇಟ್ಟರು ನೋಡಿ, ಆಗ ಎಲ್ಲರಿಗೂ ನಮ್ಮ ಮೇಲೆ ಪ್ರೀತಿ ಹುಟ್ಟಿತು.

ನಾವು: ಬಿಸಿನೆಸ್ ಡಾಟ್ ಕಾಮ್ 1999ರಲ್ಲೇ 75 ಲಕ್ಷ ಡಾಲರಿಗೆ ಹೋಯಿತು. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್! ಅಂದಮೇಲೆ ನಮ್ಮ ಓದುಗರೂ ಒಂದು ಕೈ ನೋಡಬಾರದೇ?

ಹೆಸರು: ಆ ವಾಯ್ಸ್ ಡಾಟ್ ಕಾಮ್ ಮಾರಿದವರು ಯಾರು, ಹೇಳಿ? ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತ ಕಾಲೇಜು ಹುಡುಗನಲ್ಲ, ಮೈಕ್ರೋಸ್ಟ್ರಾಟಜಿ ಅನ್ನೋ ದೊಡ್ಡ ಕಂಪನಿ. ಈ ವ್ಯಾಪಾರದಲ್ಲಿ ‘ಡೊಮೈನ್ ಕಿಂಗ್’ ಅಂತ ಕರೆಸಿಕೊಳ್ಳೋ ರಿಕ್ ಶ್ವಾರ್ಟ್ಸ್ ಅಂತ ಒಬ್ಬರಿದ್ದಾರೆ. ನೀಲಿಚಿತ್ರಕ್ಕೆ ಸಂಬಂಧಪಟ್ಟ ಒಂದು ಹೆಸರನ್ನ ಅವರು 2015ರಲ್ಲಿ 88 ಲಕ್ಷ ಡಾಲರಿಗೂ ಮೇಲೆ ಮಾರಿದರು. (ಮನೆಮಂದಿ ಓದುವ ಪತ್ರಿಕೆಯಾದ್ದರಿಂದ ಆ ಹೆಸರನ್ನು ಸಂದರ್ಶಿತರ ಅಪ್ಪಣೆ ಇಲ್ಲದೆಯೇ ಕತ್ತರಿಸಿದ್ದೇವೆ.) ಎಲ್ಲರೂ ಹೇಳೋದು ಮಾರಿದ ಬೆಲೆ. 1997ರಲ್ಲಿ ಅದನ್ನ ಅವರು 42 ಸಾವಿರ ಡಾಲರ್ ಕೊಟ್ಟು ಬೇರೆಯವರಿಂದ ಕೊಂಡಿದ್ದರು ಅನ್ನೋದನ್ನ ನಿಮ್ಮ ಕೋರ್ಸಿನವರು ಹೇಳ್ತಾರಾ? ಖಾಲಿ ಬಿದ್ದಿದ್ದನ್ನ ಹೆಕ್ಕಿಕೊಂಡದ್ದಲ್ಲ ಅದು. 1997ರಲ್ಲೇ ಅದು ಖಾಲಿ ಇರಲಿಲ್ಲ!

ನಾವು: ಹಾಗಾದರೆ ಈಗ ಉಳಿದಿರುವುದೇನು?

ಹೆಸರು: ಲೆಕ್ಕ ಹಾಕಿ. ಇಂಗ್ಲಿಷಿನ ಮೂರು ಅಕ್ಷರ ಜೋಡಿಸಿದ್ರೆ 17,576 ಹೆಸರು. ನಾಲ್ಕು ಜೋಡಿಸಿದ್ರೆ 4,56,976. ಅರ್ಥ ಇರಲಿ ಬಿಡಲಿ, ಅವೆಲ್ಲ ಯಾವತ್ತೋ ಮಾರಾಟ ಆಗಿಹೋದವು. ನಿಘಂಟಿನ ಒಳ್ಳೇ ಪದಗಳ ಮಾತೇ ಬೇಡ. ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಮೇಲೆ ನೋಂದಣಿ ಇದೆ. ಉಳಿದಿರೋವರು ಅಂದ್ರೆ ಎರಡು ಪದ ಅಂಟಿಸಿದವರು, ಮೂರು ಪದ ಅಂಟಿಸಿದವರು, ಕಾಗುಣಿತ ತಪ್ಪಿದವರು. ನನ್ನನ್ನೇ ನೋಡಿ: ಮೂರು ಪದ, ನಡುವೆ ಒಂದು ಅಡ್ಡಗೆರೆ, ಕೊನೆಯಲ್ಲಿ ಒಂದು ಅಂಕಿ. ಫೋನಿನಲ್ಲಿ ನನ್ನನ್ನ ಒಬ್ಬರಿಗೆ ಹೇಳಿ ಮುಗಿಸೋಕೆ ಎರಡು ನಿಮಿಷ ಬೇಕು. ಕಸುಬು ಬಲ್ಲವರು ಮೊದಲು ನೋಡೋದೇ ಅದು: ಬಾಯಲ್ಲಿ ಹೇಳಿದ್ರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡ್ತಾರಾ?

ನಾವು: ಆದರೂ ನಿಮ್ಮನ್ನು ನೋಡಲು ಬರುವವರಿದ್ದಾರಲ್ಲ?

ಹೆಸರು: ಇದ್ದಾರೆ. ಹೆಚ್ಚಿನವರು ಬೆಳಿಗ್ಗೆ ಸುದ್ದಿ ಓದಿ ಬರ್ತಾರೆ. 2020ರಲ್ಲಿ ಕೊರೋನಾ ಸೇರಿಸಿ ಹೆಸರು ಬಾಚಿಕೊಂಡರು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ‘ಮೆಟಾ’ ಆದಾಗ ಆ ಎರಡಕ್ಷರ ಹಚ್ಚದ ಪದ ಉಳಿಯಲಿಲ್ಲ. ಈಗ ಎಲ್ಲದರ ಬಾಲಕ್ಕೂ ಎಐ. ರಿಂಗ್ ರೋಡ್ ಬರುತ್ತಂತೆ ಅನ್ನೋ ಸುದ್ದಿ ಕೇಳಿ ನಿಮ್ಮೂರಿನ ಹೊರಗೆ ಸೈಟ್ ಹಿಡಿದುಹಾಕ್ತಾರಲ್ಲ, ಅದೇ ಬುದ್ಧಿ. ಸೈಟಾದ್ರೆ ರಸ್ತೆ ಬರದಿದ್ರೂ ಮಣ್ಣಾದರೂ ನಿಮ್ಮದು. ನನ್ನನ್ನ ಕೊಂಡವರು ಮಾಲೀಕರಲ್ಲ ಸ್ವಾಮಿ, ಬಾಡಿಗೆದಾರರು. ಒಂದು ಸಲಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ಬರೆದುಕೊಡೋ ಪದ್ಧತಿಯೇ ಇಲ್ಲ. ಹೆಚ್ಚಿನವರು ವರ್ಷ ವರ್ಷ ಕಟ್ತಾರೆ. ನೂರು ಹೆಸರು ಹಿಡಿದುಕೊಂಡವನು ಒಂದೂ ಮಾರದೆ ವರ್ಷಕ್ಕೆ ಲಕ್ಷ ರೂಪಾಯಿ ಆಸುಪಾಸು ಕಕ್ಕಬೇಕು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿ, ಆ ಕುಲಾವಿಗೆ ವರ್ಷವರ್ಷ ಬಾಡಿಗೆ ಕಟ್ಟಿದಂಗೆ.

ನಾವು: ಕರ್ನಾಟಕದವರಿಗೆ ಏನಾದರೂ ಅವಕಾಶ? 2014ರ ನವೆಂಬರ್ 1ಕ್ಕೆ ನಮ್ಮ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಅದು ಲಾಟರಿಯಲ್ಲವೇ?

ಹೆಸರು: ಬದಲಾಗುತ್ತೆ ಅಂತ ವರ್ಷಗಟ್ಟಲೆ ಮೊದಲೇ ಎಲ್ಲರಿಗೂ ಗೊತ್ತಿತ್ತಲ್ಲ! ಎಲ್ಲರಿಗೂ ಗೊತ್ತಿರೋ ಗುಟ್ಟಿಗೆ ಬೆಲೆ ಎಲ್ಲಿಂದ ಬರುತ್ತೆ? ಅದೂ ಅಲ್ಲದೆ, ಬೋರ್ಡು ಬದಲಾದ್ರೂ ಸ್ಯಾಂಡಲ್ ಸೋಪು ‘ಮೈಸೂರ್’ ಆಗೇ ಉಳೀತು. ಇನ್ನು ಕನ್ನಡದ ಪದ ಇಂಗ್ಲಿಷಿನಲ್ಲಿ ಬರೆಯೋದು ನಿಮ್ಮಲ್ಲಿ ಮನೆಗೊಂದು ಥರ. ‘ಮಲ್ಲಿಗೆ’ಗೆ ಎಲ್ ಒಂದೋ ಎರಡೋ, ಕೊನೆಯಲ್ಲಿ ಇ ಸಾಕೋ ಎಚ್ ಬೇಕೋ? ನೀವು ಒಂದು ಕಾಗುಣಿತ ಹಿಡಿದು ಬೆಲೆ ಹೇಳಿದ್ರೆ, ಗಿರಾಕಿ ಪಕ್ಕದ ಕಾಗುಣಿತವನ್ನ ಸಾವಿರ ರೂಪಾಯಿಗೆ ತಗೊಂಡು ಹೋಗ್ತಾನೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ಇದೆ, ಗೊತ್ತಾ? ಅಲ್ಲಿ ನೂಕುನುಗ್ಗಲು ಇಲ್ಲ. ವಿಳಾಸವನ್ನ ಕನ್ನಡದಲ್ಲಿ ಟೈಪ್ ಮಾಡೋವರು ಬಂದಮೇಲೆ ಅದರ ಮಾತು.

ನಾವು: ಬಳಸುತ್ತಿದ್ದವರೇ ಕೈಬಿಟ್ಟ ಹೆಸರುಗಳು?

ಹೆಸರು: ಹಾಂ, ಇದು ಕಸುಬುದಾರರ ಪ್ರಶ್ನೆ. ನಿಜವಾದ ಬೇಟೆ ಇರೋದು ಅಲ್ಲೇ. ದುಡ್ಡು ಕಟ್ಟದೆ ಬಿಟ್ಟ ಹೆಸರು ಕೂಡಲೇ ಬೀದಿಗೆ ಬೀಳಲ್ಲ. ಮೊದಲು ರಿಜಿಸ್ಟ್ರಾರ್ ಕೊಡೋ ವಾಯಿದೆ. ಆಮೇಲೆ ಹಳೇ ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ. ಆಮೇಲೆ ಅಳಿಸೋಕೆ ಮುಂಚೆ 5 ದಿನ. ಇಷ್ಟಾದಮೇಲೆ ಬೀಳುತ್ತೆ. ಬಿದ್ದ ಕ್ಷಣಕ್ಕೆ ಕಾದು ಕೂತ ಕಂಪನಿಗಳ ಯಂತ್ರಗಳು ಹಾರಿ ಹಿಡಿಯುತ್ತವೆ. ಒಳ್ಳೇದಾಗಿದ್ರೆ ಅಷ್ಟೂ ದೂರ ಬರೋದೇ ಇಲ್ಲ, ರಿಜಿಸ್ಟ್ರಾರೇ ಹರಾಜಿಗೆ ಇಟ್ಟಿರ್ತಾನೆ. ನಿಮ್ಮ ಓದುಗರು ಕಾಫಿ ಲೋಟ ಕೆಳಗಿಡೋ ಹೊತ್ತಿಗೆ ಆಟ ಮುಗಿದಿರುತ್ತೆ. ಅವರ ಪಾಲಿಗೆ ಉಳಿಯೋದು ಆ ಯಂತ್ರಗಳು ಮೂಸಿ ಬಿಟ್ಟದ್ದು.

ಒಂದು ಕಾಲದಲ್ಲಿ ಇನ್ನೂ ನಾಚಿಕೆಗೆಟ್ಟ ಆಟ ನಡೀತಿತ್ತು. ನೋಂದಾಯಿಸಿ ಐದು ದಿನದೊಳಗೆ ವಾಪಸ್ ಕೊಟ್ರೆ ದುಡ್ಡು ಪೂರ್ತಿ ವಾಪಸ್. ಲಕ್ಷಗಟ್ಟಲೆ ಹೆಸರು ಹಿಡಿಯೋದು, ಜಾಹೀರಾತು ಹಚ್ಚೋದು, ಕಾಸು ಬರದಿದ್ದನ್ನ ವಾಪಸ್ ತಳ್ಳೋದು. ‘ರುಚಿ ನೋಡೋದು’ ಅಂತಲೇ ಕರೀತಿದ್ದರು. ನಮ್ಮ ಉಸ್ತುವಾರಿ ಸಂಸ್ಥೆ ಐಕ್ಯಾನ್ ಇದಕ್ಕೆ ಶುಲ್ಕ ಹಾಕಿದ ಮೇಲೆ, 2009ರ ಹೊತ್ತಿಗೆ ಶೇ. 99ಕ್ಕಿಂತ ಹೆಚ್ಚು ನಿಂತುಹೋಯಿತು. ರುಚಿಗೆ ಬಿಲ್ಲು ಬಂದದ್ದೇ ತಡ, ಎಲ್ಲರ ಹಸಿವೂ ಹೋಯಿತು.

ಅದೃಷ್ಟದಿಂದಲೂ ಸಿಗುತ್ತೆ, ಇಲ್ಲ ಅನ್ನಲ್ಲ. 2015ರಲ್ಲಿ ಗೂಗಲ್ ಡಾಟ್ ಕಾಮ್ ಅನ್ನೋ ಸಾಕ್ಷಾತ್ ಹೆಸರೇ ಗೂಗಲ್ಲಿನ ಸ್ವಂತ ಅಂಗಡಿಯಲ್ಲಿ ‘ಖಾಲಿ’ ಅಂತ ತೋರಿಸಿ, ಭಾರತೀಯನೊಬ್ಬ 12 ಡಾಲರ್ ಕೊಟ್ಟು ಒಂದು ನಿಮಿಷ ಒಡೆಯನಾದ. ಗೂಗಲ್ ಕೊಟ್ಟ ಬಹುಮಾನ 6,006.13 ಡಾಲರ್. ಅಂಕಿಗಳನ್ನ ಕಣ್ಣು ಕಿರಿದು ಮಾಡಿ ನೋಡಿದ್ರೆ ಅವರ ಹೆಸರೇ ಕಾಣುತ್ತೆ. ಆತ ಅದನ್ನ ನಿಮ್ಮ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ಗೆ ದಾನ ಮಾಡ್ತೀನಿ ಅಂದ ಮೇಲೆ ಎರಡರಷ್ಟು ಕೊಟ್ಟರು.

ನಾವು: ದೊಡ್ಡ ಕಂಪನಿಗಳು ಮುಂದೆ ಇಡಬಹುದಾದ ಹೆಸರನ್ನು ಊಹಿಸಿ ಮೊದಲೇ ಹಿಡಿದಿಟ್ಟರೆ?

ಹೆಸರು: ಅಲ್ಲಿಗೆ ವಕೀಲರು ಬರ್ತಾರೆ. ದೆಹಲಿಯ ಡೆವಲಪರ್ ಒಬ್ಬ ಎರಡು ಕಂಪನಿ ಒಂದಾಗಬಹುದು ಅಂತ ಊಹಿಸಿ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ತಗೊಂಡ. ಊಹೆ ಅಕ್ಷರಶಃ ನಿಜವಾಯಿತು. 2024ರಲ್ಲಿ, ‘ಕೇಂಬ್ರಿಡ್ಜ್‌ನಲ್ಲಿ ಓದೋ ಖರ್ಚು ಕೊಡಿ, ಹೆಸರು ಕೊಡ್ತೀನಿ’ ಅಂತ ಬಹಿರಂಗ ಪತ್ರ ಹಾಕಿದ. ಜಿಯೋ ಕಂಪನಿ ಒಪ್ಪಲಿಲ್ಲ, ಕಾನೂನಿನ ಮಾತಾಡಿತು. ಹೆಸರು ದುಬೈನಲ್ಲಿದ್ದ ಇಬ್ಬರು ಮಕ್ಕಳ ಕೈಗೆ ಹೋಯಿತು. ಅವರು ಪುಕ್ಕಟೆ ಕೊಡ್ತೀವಿ ಅಂದರು. ಇದಕ್ಕಿಂತ ಕರಾರುವಾಕ್ಕಾದ ಊಹೆ ನಿಮಗೆ ಹೊಳೆಯುತ್ತಾ?

ಕಾನೂನು ಹೊಸದೇನಲ್ಲ. ಸತ್ಯಂ ಇನ್ಫೋವೇ ಅನ್ನೋ ಕಂಪನಿ ‘ಸಿಫಿ’ ಅಂತ ಹೆಸರಿಟ್ಟುಕೊಂಡಿತ್ತು. ಇನ್ನೊಬ್ಬರು ಎಫ್ ಒಂದನ್ನ ಜಾಸ್ತಿ ಹಾಕಿ ‘ಸಿಫ್ಫಿನೆಟ್’ ಮಾಡಿಕೊಂಡರು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ಬೇರೆ ಥರ ಹೇಳಿತು. 2004ರಲ್ಲಿ ಸುಪ್ರೀಂ ಕೋರ್ಟು ಸತ್ಯಂ ಪರ ನಿಂತು, ಡೊಮೈನ್ ಹೆಸರಿಗೂ ವ್ಯಾಪಾರಮುದ್ರೆಯ ರಕ್ಷಣೆ ಇದೆ ಅಂತ ಖಚಿತ ಮಾಡಿತು. ನಮ್ಮ ಜಾತಿಗೆ ಭಾರತದಲ್ಲಿ ಕುಲಗೋತ್ರ ಸಿಕ್ಕಿದ್ದು ಹಾಗೆ, ಒಂದು ಹೆಚ್ಚುವರಿ ಎಫ್ ದೆಸೆಯಿಂದ! ಹೊರಗಡೆ 1999ರಿಂದ ಯುಡಿಆರ್‌ಪಿ ಅನ್ನೋ ಪಂಚಾಯ್ತಿ ಇದೆ. ಜಿನೀವಾದ ವೈಪೋ ಅನ್ನೋ ಸಂಸ್ಥೆಯಲ್ಲಿ 1,500 ಡಾಲರ್ ಕಟ್ಟಿ ದೂರು ಕೊಟ್ರೆ, ದುರುದ್ದೇಶದಿಂದ ಹಿಡಿದದ್ದು ಅಂತ ಸಾಬೀತಾದ ಹೆಸರು ನಿಮ್ಮ ಕೈಬಿಡುತ್ತೆ. ಕೊಂಡ ದುಡ್ಡೂ ಬರಲ್ಲ.

ಸ್ವಂತ ಹೆಸರು ಇದ್ದವರದು ಬೇರೆ. ಉಜಿ ನಿಸ್ಸಾನ್ ಅನ್ನೋ ಅಮೆರಿಕದ ವ್ಯಾಪಾರಿ 1994ರಲ್ಲಿ ತನ್ನ ಮನೆತನದ ಹೆಸರಿಗೇ ಡಾಟ್ ಕಾಮ್ ಮಾಡಿಸಿದ್ದ. ಕಾರು ಕಂಪನಿ ಮೊಕದ್ದಮೆ ಹೂಡಿತು, ಆತ ವರ್ಷಗಟ್ಟಲೆ ಸೆಣಸಿ ಹೆಸರು ಉಳಿಸಿಕೊಂಡ. ಮೈಕ್ ರೋ ಅನ್ನೋ ಕೆನಡಾದ ಹುಡುಗ ತನ್ನ ಹೆಸರಿಗೆ ‘ಸಾಫ್ಟ್’ ಸೇರಿಸಿ ‘ಮೈಕ್‌ರೋಸಾಫ್ಟ್’ ಮಾಡಿಕೊಂಡಿದ್ದ. ಮೈಕ್ರೋಸಾಫ್ಟ್ 10 ಡಾಲರ್ ಕೊಡ್ತೀವಿ ಅಂತು, ಅವನು 10,000 ಕೇಳಿದ, 2004ರಲ್ಲಿ ಒಂದು ಎಕ್ಸ್‌ಬಾಕ್ಸ್ ಮತ್ತೊಂದಿಷ್ಟು ಸಾಮಾನಿಗೆ ರಾಜಿ ಆಯಿತು.

ನಾವು: ನಿಮ್ಮ ಬೆಲೆಯನ್ನು ಅಂದಾಜು ಮಾಡುವ ಯಂತ್ರವೊಂದಕ್ಕೆ ನಿಮ್ಮನ್ನು ತೋರಿಸಿದೆವು. ಒಂದೂವರೆ ಸಾವಿರ ಡಾಲರ್ ಅಂದಿತು.

ಹೆಸರು: ಯಂತ್ರ ಯಾರದ್ದು? ಹೆಸರು ಮಾರೋವರದ್ದೇ ತಾನೆ? ಅಷ್ಟು ಬಾಳೋ ಹಾಗಿದ್ರೆ ಅವರೇ ಇಟ್ಟುಕೊಳ್ಳದೆ ಸಾವಿರ ರೂಪಾಯಿಗೆ ನಿಮಗ್ಯಾಕೆ ಕೊಡ್ತಾರೆ? ಇನ್ನೊಂದು ಹುಷಾರು: ‘ನಿಮ್ಮ ಹೆಸರಿಗೆ ಎಂಟು ಸಾವಿರ ಡಾಲರ್ ಕೊಡ್ತೀನಿ, ಆದ್ರೆ ಮೊದಲು ಇಂಥ ಕಡೆಯಿಂದ ಮೌಲ್ಯಮಾಪನದ ಸರ್ಟಿಫಿಕೇಟ್ ಮಾಡಿಸಿ’ ಅಂತ ಇಮೇಲ್ ಬರುತ್ತೆ. ಸರ್ಟಿಫಿಕೇಟಿಗೆ ನೀವು ದುಡ್ಡು ಕಟ್ಟಿದ ದಿನವೇ ಗಿರಾಕಿ ಮಾಯ. ಗಿರಾಕಿಯೂ ಸರ್ಟಿಫಿಕೇಟ್ ಕೊಡೋವನೂ ಒಬ್ಬನೇ.

ನಾವು: ಹಾಗಾದರೆ ಲಾಭ ಮಾಡುತ್ತಿರುವವರು ಯಾರು?

ಹೆಸರು: ಡಾಟ್ ಕಾಮ್‌ನ ದಾಖಲೆ ಪುಸ್ತಕ ಇಟ್ಟುಕೊಂಡಿರೋ ವೆರಿಸೈನ್. ಹೆಸರು ಮಾರಾಟವಾಗಲಿ ಆಗದಿರಲಿ, ಒಂದೊಂದರ ಮೇಲೂ ವರ್ಷಕ್ಕೆ 10 ಡಾಲರಿಗೂ ಸ್ವಲ್ಪ ಹೆಚ್ಚು. ಅದನ್ನ 15 ಕೋಟಿಯಿಂದ ಗುಣಿಸಿಕೊಳ್ಳಿ. ಇನ್ನು ಕೆರಿಬಿಯನ್ನಿನ ಆಂಗ್ವಿಲಾ ಅನ್ನೋ ಪುಟ್ಟ ದ್ವೀಪ. ಜನಸಂಖ್ಯೆ ಸುಮಾರು 16 ಸಾವಿರ. ದೇಶಗಳಿಗೆ ಎರಡೆರಡು ಅಕ್ಷರ ಹಂಚುವಾಗ ಅದರ ಪಾಲಿಗೆ ‘ಎಐ’ ಬಂತು. 2023ರಲ್ಲಿ ಆ ಎರಡಕ್ಷರದಿಂದ ಅದಕ್ಕೆ ಬಂದದ್ದು 3 ಕೋಟಿ ಡಾಲರಿಗೂ ಹೆಚ್ಚು. ಅವರು ಯಾವ ಪಟ್ಟಿಯನ್ನೂ ಜಾಲಾಡಲಿಲ್ಲ, ಯಾವ ಕೋರ್ಸನ್ನೂ ಸೇರಲಿಲ್ಲ.

ನಾವು: ನಿಮ್ಮನ್ನು ಯಾರಾದರೂ ಕೊಳ್ಳಬಹುದೇ?

ಹೆಸರು: ನನ್ನಿಂದ ನಿಜವಾಗಿ ಕೆಲಸ ಇರೋವರು ಬಂದ್ರೆ ಸಂತೋಷ. ಒಂದು ಅಂಗಡಿ, ಒಂದು ಪುಸ್ತಕ ಪ್ರಕಾಶನ, ಏನಾದ್ರೂ ಸರಿ. ‘ಮಾರಾಟಕ್ಕಿದೆ’ ಅಂತ ಬೋರ್ಡು ಹೊತ್ತುಕೊಂಡು ವರ್ಷಾನುಗಟ್ಟಲೆ ನಿಂತಿರೋ ನೆಂಟರನ್ನ ನೋಡಿದ್ದೀನಿ. ಆ ಬಾಳಿಗಿಂತ ಖಾಲಿ ಇರೋದೇ ವಾಸಿ.

ನಾವು: ಓದುಗರಿಗೆ ಏನಾದರೂ ಹೇಳುವುದಿದೆಯೇ?

ಹೆಸರು: 1999ರ ಕ್ರಿಸ್‌ಮಸ್ ಸಮಯಕ್ಕೆ ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ ದುಡ್ಡು ಕಟ್ಟೋದು ಮರೆತು, ಹಾಟ್‌ಮೇಲ್ ಬಳಸೋವರು ಎಷ್ಟೋ ಜನ ಪರದಾಡಿದರು. ಕಡೆಗೆ ಲಿನಕ್ಸ್ ಪ್ರೋಗ್ರಾಮರ್ ಒಬ್ಬ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ. ಅಂಥವರೇ ಮರೆತಾಗ ನಿಮ್ಮದೇನು ಹೇಳಿ. ಇಲ್ಲದ ಹೆಸರು ಹುಡುಕೋ ಮೊದಲು ಇರೋ ಹೆಸರನ್ನ ನೋಡಿಕೊಳ್ಳಿ. ನಿಮ್ಮ ಅಂಗಡಿಯ, ಸಂಘದ, ಶಾಲೆಯ ಡೊಮೈನ್ ಯಾರ ಖಾತೆಯಲ್ಲಿದೆ, ರಿನ್ಯೂವಲ್ ಯಾವತ್ತು, ನೋಟಿಸು ಯಾವ ಇಮೇಲಿಗೆ ಬರುತ್ತೆ, ಇವತ್ತೇ ವಿಚಾರಿಸಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ರೆ, ಅವನು ಇನ್ನೂ ನಿಮ್ಮ ಫೋನು ಎತ್ತುತ್ತಿರುವಾಗಲೇ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ.