ನೀವು ರಿವರ್ಸ್ ತಗೊಳ್ಳಿ ಸಾರ್!

ಗಲ್ಲಿ ರಸ್ತೆ. ಎದುರಿಂದ ಒಂದು ಕಾರು, ಈ ಕಡೆಯಿಂದ ನಿಮ್ಮದು. ನಿಮ್ಮ ಹಿಂದೆ ನಾಲ್ಕು ಮಾರು ದೂರದಲ್ಲೇ ಒಂದು ಗೇಟಿನ ಮುಂದೆ ಜಾಗ ಖಾಲಿ ಇದೆ. ರಿವರ್ಸ್ ತಗೋತೀರಾ? ಎಲ್ಲಾದ್ರೂ ಉಂಟೇ! ಎಂಜಿನ್ ಆಫ್ ಮಾಡಿ, ಗಾಜು ಏರಿಸಿ, ಮೊಬೈಲ್ ತೆಗೆದು ಕೂರ್ತೀರಿ. (ಎದುರಿನವರೂ ಅದನ್ನೇ ಮಾಡ್ತಿದ್ದಾರೆ. ಓರೆಗಣ್ಣಲ್ಲಿ ನೋಡಿಕೊಂಡ್ರಿ ತಾನೆ?)

ಇದೇ ಸ್ವಾಮಿ ಡೆಡ್‌ಲಾಕು. ನೀವೇ ಕಂಡುಹಿಡಿದದ್ದು ಅಂತ ಬೀಗಬೇಡಿ. 1965ರಲ್ಲೇ ಹಾಲೆಂಡಿನ ಡೈಕ್‌ಸ್ಟ್ರಾ ಅನ್ನೋ ಮಹಾಶಯರು ಹುಡುಗರ ಪರೀಕ್ಷೆಗೆ ಅಂತ ಒಂದು ಲೆಕ್ಕ ಹೊಸೆದ್ರು. ಮುಂದೆ ಅದೇ ಊಟದ ಕಥೆಯಾಗಿ ಕಂಪ್ಯೂಟರ್ ಪಾಠದಲ್ಲಿ ಖಾಯಂ ಆಯ್ತು.

ದುಂಡು ಮೇಜು, ಐದು ತತ್ವಜ್ಞಾನಿಗಳು, ಐದೇ ಫೋರ್ಕು. ತಿನ್ನೋಕೆ ಎಡಗಡೇದು ಬಲಗಡೇದು ಎರಡೂ ಬೇಕು. ಎಲ್ಲರೂ ಒಟ್ಟಿಗೇ ಎಡದ್ದನ್ನ ಎತ್ತಿಕೊಂಡ್ರೋ, ಮುಗೀತು! ಕೂತಲ್ಲೇ ಉಪವಾಸ. (ನಮ್ಮೋರಾಗಿದ್ರೆ ಕೈಯಲ್ಲೇ ಕಲಸಿ ಹೊಡೆದು, ಎರಡನೇ ಸಲ ಸಾರಿಗೆ ಕೂಗ್ತಿದ್ರು.) ಒಬ್ಬನೇ ಒಬ್ಬ ಬಲದ್ದನ್ನ ಮೊದಲು ಎತ್ತಿದ್ರೆ ಗಂಟು ಬಿಚ್ಚಿಕೊಳ್ಳುತ್ತೆ. ಆ ಒಬ್ಬ ನೀವಾಗ್ತೀರಾ? "ಮೊದಲು ಅವರಿಗೆ ಹೇಳಿ" ಅಂತೀರಿ, ಗೊತ್ತು.

1971ರಲ್ಲಿ ಕಾಫ್‌ಮನ್ ಮತ್ತಿಬ್ಬರು ಸೇರಿ ಈ ಕಾಯಿಲೆಗೆ ನಾಲ್ಕು ಲಕ್ಷಣ ಬರೆದ್ರು. ವಸ್ತು ಒಂದು ಸಲಕ್ಕೆ ಒಬ್ಬರ ಕೈಲೇ ಇರಬೇಕು. ಕೈಲಿರೋದನ್ನ ಬಿಡದೆ ಇನ್ನೊಂದಕ್ಕೆ ಕಾಯಬೇಕು. ಯಾರೂ ಕಿತ್ಕೊಳ್ಳೋ ಹಾಗಿರಬಾರದು. ನಾನು ನಿಮಗೆ, ನೀವು ಅವರಿಗೆ, ಅವರು ನನಗೆ ಅಂತ ಕಾಯೋದು ಸುತ್ತು ಹಾಕಬೇಕು. ಇದರಲ್ಲಿ ಒಂದು ತಪ್ಪಿದ್ರೂ ಡೆಡ್‌ಲಾಕ್ ಆಗಲ್ಲ. ಅಣ್ಣತಮ್ಮಂದಿರ ಸೈಟಿನ ವ್ಯಾಜ್ಯ ನೆನಪಾಯ್ತಾ? ಪತ್ರ ಒಬ್ಬರ ಹತ್ರ, ಬೀಗದ ಕೈ ಇನ್ನೊಬ್ಬರ ಹತ್ರ. (ನಿಮ್ಮ ಮನೇದಲ್ಲ, ಪಕ್ಕದ ಮನೇದು. ಸರಿ ಸರಿ.)

ಸಂಸತ್ತಿಗಾದ್ರೆ ಸಂವಿಧಾನದ 108ನೇ ವಿಧಿ ಇದೆ. ಒಂದು ಸದನದ ಮಸೂದೆಗೆ ಇನ್ನೊಂದು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲವೋ, ರಾಷ್ಟ್ರಪತಿಗಳು ಎರಡನ್ನೂ ಒಂದೇ ಕಡೆ ಕೂರಿಸಬಹುದು. ಇಂಥ ಜಂಟಿ ಅಧಿವೇಶನ ಮೊದಲು ನಡೆದದ್ದು 1961ರಲ್ಲಿ. ಯಾವುದಕ್ಕೆ ಗೊತ್ತಾ? ವರದಕ್ಷಿಣೆ ನಿಷೇಧಕ್ಕೆ! ಕಾನೂನೇನೋ ಬಂತು. "ನಮಗೇನೂ ಬೇಡಪ್ಪ, ನಿಮ್ಮ ಹುಡುಗಿಗೆ ನೀವೇನು ಹಾಕ್ತೀರೋ ಹಾಕಿ" ಅಂತ ಹೇಳಿ ಸೂರು ನೋಡ್ತಾ ಕೂತಿದ್ದವರು ಯಾರು ಅಂತ ನಾನು ಬಾಯಿಬಿಡಲ್ಲ.

ಇಟಲಿಯ ವಿಟೆರ್ಬೋ ಊರವರಿಗೆ ಇಷ್ಟು ತಾಳ್ಮೆ ಇರಲಿಲ್ಲ. 1268ರಲ್ಲಿ ಪೋಪ್ ತೀರಿಕೊಂಡ್ರು. ಹೊಸಬರನ್ನ ಆರಿಸೋಕೆ ಕೂತ ಕಾರ್ಡಿನಲ್‌ಗಳು 1271 ಬಂದ್ರೂ ಪಟ್ಟು ಬಿಡಲಿಲ್ಲ. ಊರವರು ಬಾಗಿಲಿಗೆ ಬೀಗ ಜಡಿದ್ರು, ಊಟ ಕಡಿತ ಮಾಡಿದ್ರು, ಕೊನೆಗೆ ಮಾಡೇ ಕಿತ್ತುಹಾಕಿದ್ರು! ಆಯ್ಕೆಯಾದದ್ದು ಅಲ್ಲಿ ಇರದೇ ಇದ್ದವರು, ಹತ್ತನೇ ಗ್ರೆಗರಿ. ಅವರು 1274ರಲ್ಲಿ ನಿಯಮಾನೇ ಮಾಡಿಟ್ರು: ಮೂರು ದಿನದಲ್ಲಿ ಇತ್ಯರ್ಥ ಆಗದಿದ್ರೆ ಊಟಕ್ಕೆ ಒಂದೇ ಪದಾರ್ಥ, ಇನ್ನೈದು ದಿನ ದಾಟಿದ್ರೆ ಬರೀ ಬ್ರೆಡ್ಡು, ನೀರು, ವೈನು. (ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿಗೂ ಇದು ಬರಲಿ. ಸಮೋಸ ನಿಲ್ಲಿಸಿ ನೋಡಿ, ಟ್ಯಾಂಕರ್ ನೀರಿನ ವಿಷಯ ಹತ್ತು ನಿಮಿಷಕ್ಕೆ ಮುಗಿಯುತ್ತೆ.)

ಈಗ ಮನೆಯೊಳಗೆ ಬನ್ನಿ. ಭಾನುವಾರದಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದೀರಂತೆ? ಮಗುವೇ ಪೋಸ್ಟ್‌ಮ್ಯಾನು. "ಅಪ್ಪಂಗೆ ಹೇಳು, ಕಾಫಿ ಆರ್ತಿದೆ." "ಅಮ್ಮಂಗೆ ಹೇಳು, ಸಕ್ಕರೆ ಕಮ್ಮಿ."

ಡೇಟಾಬೇಸಲ್ಲಿ ಹೀಗಾದ್ರೆ ಅದು ಯಾರ ಮುಖಾನೂ ನೋಡಲ್ಲ. ಒಬ್ಬರನ್ನ ಬಲಿ ಅಂತ ಆರಿಸಿ ಹೊರಗೆ ದಬ್ಬುತ್ತೆ, ಮತ್ತೆ ಮೊದಲಿಂದ ಬಾ ಅನ್ನುತ್ತೆ. ಯಾರನ್ನ ಆರಿಸೋದು? ಸಾಮಾನ್ಯವಾಗಿ ಅಲ್ಲೀತನಕ ಯಾರ ಕೆಲಸ ಕಮ್ಮಿಯೋ, ಯಾರದನ್ನ ರದ್ದು ಮಾಡಿದ್ರೆ ನಷ್ಟ ಕಮ್ಮಿಯೋ ಅವರನ್ನ. ಈಗ ಹೇಳಿ, ಬೆಳಗ್ಗಿಂದ ನಿಮ್ಮ ಮನೇಲಿ ಕಮ್ಮಿ ಕೆಲಸ ಮಾಡಿದ್ದು ಯಾರು? ಯಾಕೆ ಸಾರ್, ಪೇಪರ್ ಮಡಚಿಬಿಟ್ರಿ?