ಸರ್ವರೆಸಾರ್ಟ್‌ದರ್ಶನ ಸಂಗ್ರಹ

ಹದಿನಾಲ್ಕನೆಯ ಶತಮಾನದಲ್ಲಿ, ಇದೇ ತುಂಗಭದ್ರೆಯ ರಾಜ್ಯದಲ್ಲಿ, ಮಾಧವಾಚಾರ್ಯರು ‘ಸರ್ವದರ್ಶನ ಸಂಗ್ರಹ’ವೆಂಬ ಗ್ರಂಥ ರಚಿಸಿದರು. ಇವರೇ ವಿದ್ಯಾರಣ್ಯರೋ, ಅದೇ ಮನೆತನದ ಇನ್ನೊಬ್ಬರೋ ಎಂಬ ತಕರಾರು ಪಂಡಿತರಲ್ಲಿ ಬಗೆಹರಿದಿಲ್ಲ. ಅದು ನಮಗೆ ಬೇಡದ ಉಸಾಬರಿ. 16 ದರ್ಶನಗಳನ್ನು ಸಾಲಾಗಿ ನಿಲ್ಲಿಸಿ, ಚಾರ್ವಾಕರಿಂದ ಶುರುಮಾಡಿ, ಒಬ್ಬರ ವಾದವನ್ನು ಮುಂದಿನವರ ಕೈಯಲ್ಲಿ ಮುರಿಸುತ್ತ ಕಡೆಗೆ ಅದ್ವೈತಕ್ಕೆ ತಂದು ಮುಟ್ಟಿಸುವ ಕೃತಿ ಅದು. ಇಷ್ಟೆಲ್ಲ ಮಾಡಿಯೂ, ಬೇಸಿಗೆ ರಜೆಗೆ ಹೊಸಪೇಟೆಯ ಸಂಸಾರವೊಂದು ಬಿಡದಿಯ ವಂಡರ್‌ಲಾಕ್ಕೆ ಹೋಗಬೇಕೋ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೋ ಎಂಬ ಪ್ರಶ್ನೆಯ ಬಗ್ಗೆ ಆಚಾರ್ಯರು ಚಕಾರವೆತ್ತಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ಕ್ಷೇತ್ರ, ಪ್ರಬಂಧಕಾರ ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತು. ಆಕರ, ಮಹಡಿಯ ಮೆಟ್ಟಿಲು. ಎಂಟನೆಯ ಮೆಟ್ಟಿಲ ಮೇಲೆ ಕೂತರೆ ಕೆಳಗಿನ ನಡುಮನೆಯ ಶಬ್ದಪ್ರಮಾಣ ಯಾವ ಪಾಠಾಂತರವೂ ಇಲ್ಲದೆ ಕಿವಿಗೆ ಬೀಳುತ್ತದೆ. ವಾದದಲ್ಲಿ ಭಾಗವಹಿಸಿದವರು ಯಜಮಾನ, ಅವನ ಹೆಂಡತಿ, ತಾಯಿ, ಒಬ್ಬ ಮಗ, ಒಬ್ಬ ಮಗಳು. ವಿಷಯತಜ್ಞರಾಗಿ ಸಂಡೂರಿನ ಭಾವ ಮತ್ತು ಕಂಪ್ಲಿಯ ಸೋದರಮಾವ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು; ಆದ್ದರಿಂದ ಈ ಸಭೆಯನ್ನು ಅಂತರಜಿಲ್ಲಾ ವಿಚಾರಸಂಕಿರಣವೆಂದೇ ಪರಿಗಣಿಸತಕ್ಕದ್ದು. ಮಿರ್ಚಿ-ಮಂಡಕ್ಕಿ ಹಾಗೂ ಚಹಾದ ವೆಚ್ಚ ಆತಿಥೇಯ ಜಿಲ್ಲೆಯದು.

ಮೊದಲಿಗೆ ಚಾರ್ವಾಕರು, ಅಂದರೆ ಮಕ್ಕಳು. ಇವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಪ್ರತ್ಯಕ್ಷವೆಂದರೆ ಗೆಳೆಯರ ಮೊಬೈಲಿನಲ್ಲಿ ಕಂಡ ರೀಲು. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆನ್ನುವ ಪಂಥ ಇದು. ಸಾಲ ತೀರಿಸುವ ಅಪ್ಪ ಬೇರೆ ಪಂಥದವನಾದ್ದರಿಂದ ಇವರ ಸಿದ್ಧಾಂತಕ್ಕೆ ಆಂತರಿಕ ವಿರೋಧವೇನೂ ಇಲ್ಲ. ಮಗ ಬಿಡದಿಯ ಕಡೆ. ವಂಡರ್‌ಲಾ 2005ರಲ್ಲಿ ಶುರುವಾದದ್ದು, 2012ರಿಂದ ಪಕ್ಕದಲ್ಲೇ ರೆಸಾರ್ಟೂ ಇರುವುದು ಅವನಿಗೆ ಬಾಯಿಪಾಠ. ‘ರಿಕಾಯ್ಲ್’ ಎಂಬ ರೋಲರ್ ಕೋಸ್ಟರು ಜನರನ್ನು ತಲೆಕೆಳಗು ಮಾಡಿ ಮುಂದಕ್ಕೆ ಒಯ್ದು, ಅದೇ ದಾರಿಯಲ್ಲಿ ಹಿಂದಕ್ಕೆ ತರುತ್ತದೆಂಬುದನ್ನು ಸೋಫಾದ ಮೇಲೆ ಬಿದ್ದು ತೋರಿಸಿದ. ಮಗಳು ರಾಮೋಜಿಯ ಕಡೆ: ‘ಬಾಹುಬಲಿ’ಯ ಮಾಹಿಷ್ಮತಿಯ ಸೆಟ್ಟು ಅಲ್ಲೇ ಇದೆ. ಹಂಪಿಯಿಂದ ಹನ್ನೆರಡು ಕಿಲೋಮೀಟರು ದೂರದಲ್ಲಿ ಹುಟ್ಟಿದ ಮಗು ರಾಜಧಾನಿಯೊಂದನ್ನು ನೋಡಲು ಗಡಿ ದಾಟಿ ತೆಲಂಗಾಣಕ್ಕೆ ಹೋಗಬೇಕೆನ್ನುವುದನ್ನು ಪ್ರಬಂಧಕಾರ ಇಲ್ಲಿ ನಮೂದಿಸುತ್ತಾನಷ್ಟೇ, ವ್ಯಾಖ್ಯಾನಿಸುವುದಿಲ್ಲ.

ಚಾರ್ವಾಕರನ್ನು ಖಂಡಿಸುವವರು ಬೌದ್ಧರು. ಎಲ್ಲವೂ ಕ್ಷಣಿಕ ಎಂಬ ಅವರ ವಾದಕ್ಕೆ ತತ್ಕಾಲ್ ಟಿಕೆಟ್ಟಿಗಿಂತ ಗಟ್ಟಿ ದೃಷ್ಟಾಂತ ಇಲ್ಲ. ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಯಿಂದ ಬಂದು ನಮ್ಮನ್ನು ಹತ್ತಿಸಿಕೊಂಡು, ಬಳ್ಳಾರಿ, ಗುಂತಕಲ್ಲು ಸುತ್ತಿ, ಬೆಂಗಳೂರು ಮುಟ್ಟಿ, ಬಿಡದಿಯ ಹಳಿಯ ಮೇಲೇ ಮೈಸೂರಿಗೆ ಹೋಗುತ್ತದೆ. ಹೆಸರು ಹಂಪಿಯದು, ಕೆಲಸ ಹಂಪಿಯವರನ್ನು ಊರು ಬಿಡಿಸುವುದು. ಸ್ಲೀಪರಿನ ತತ್ಕಾಲ್ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ಯಜಮಾನ 10:55ಕ್ಕೆ ಬೆರಳನ್ನು ಪರದೆಯ ಮೇಲೆ ಎತ್ತಿ ಹಿಡಿದು ಕೂರುತ್ತಾನೆ; ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. 11:00ಕ್ಕೆ ಸೀಟು ಇತ್ತು. 11:01ಕ್ಕೆ ಇಲ್ಲ. ನಡುವೆ ಇದ್ದದ್ದು ಸೀಟೋ, ಸೀಟಿನ ಭ್ರಾಂತಿಯೋ? ಈ ಘಟ್ಟದಲ್ಲಿ ಓಟಿಪಿ ಬಂತು. ಶೂನ್ಯವಾದದ ಪೂರ್ಣ ಚರ್ಚೆ ಆ ಹೊತ್ತಿಗೆ ಯಜಮಾನನ ಮುಖದ ಮೇಲಿತ್ತೆಂದು ಅವನ ಹೆಂಡತಿಯ ಸಾಕ್ಷ್ಯ.

ಗ್ರಂಥದಲ್ಲಿ ಮೂರನೆಯವರು ಆರ್ಹತರು, ಜೈನರು. ಒಂದು ವಸ್ತು ಒಂದು ದೃಷ್ಟಿಯಿಂದ ಹೌದು, ಇನ್ನೊಂದರಿಂದ ಅಲ್ಲ ಎಂಬ ಸ್ಯಾದ್ವಾದವನ್ನು ಕಮಲಾಪುರದ ರಸ್ತೆಯ ಗಾಣಿಗಿತ್ತಿ ಬಸದಿಯ ಮುಂದೆ ನಿಂತು ಯೋಚಿಸಬಹುದು. ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಆ ಬಸದಿಯ ಎದುರು ಬಸ್ಸುಗಳು ಯಾರನ್ನೂ ಇಳಿಸುವುದಿಲ್ಲವಾದ್ದರಿಂದ ಯೋಚನೆಗೆ ಭಂಗವಿಲ್ಲ. ಆದರೆ ಅದರ ಪ್ರಯೋಗ ನಡೆದದ್ದು ಕೆಳಮನೆಯ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ. ವಂಡರ್‌ಲಾದಲ್ಲಿ 140 ಸೆಂಟಿಮೀಟರಿನ ಒಳಗಿದ್ದವರಿಗೆ ಮಕ್ಕಳ ಟಿಕೆಟ್ಟು. ದೊಡ್ಡ ಜೋಕಾಲಿಗಳನ್ನು ಹತ್ತಲು ಅದೇ 140 ದಾಟಿರಬೇಕು. ಚೌಕಟ್ಟಿನ ಬಣ್ಣದ ಮೇಲೆ ಪೆನ್ಸಿಲಿನ ಗೆರೆಗಳಿವೆ, ಪಕ್ಕದಲ್ಲಿ ತಾರೀಖು. ಕಡೆಯ ಗೆರೆ ಎರಡಿದೆ. ಕೆಳಗಿನದು ಯಜಮಾನ ಎಳೆದದ್ದು, ಮಗಳ ತಲೆಯ ಮೇಲೆ ಅಂಗೈ ಒತ್ತಿ, ಕೂದಲನ್ನು ಅಪ್ಪಚ್ಚಿ ಮಾಡಿ. ಮೇಲಿನದು ಮಗಳು ತಾನೇ ಎಳೆದುಕೊಂಡದ್ದು, ತುದಿಗಾಲಿನಲ್ಲಿ. ಎರಡರ ನಡುವೆ 140 ಇದೆ. ಟಿಕೆಟ್ ಕಿಟಕಿಯ ಮುಂದೆ ಮಗು ಗಿಡ್ಡ, ಜೋಕಾಲಿಯ ಮುಂದೆ ಉದ್ದ; ಎರಡೂ ಸತ್ಯವಾಗಲೆಂದು ಸಂಸಾರದ ಪ್ರಾರ್ಥನೆ.

ಇನ್ನು ವಿಷಯತಜ್ಞರು. ಕಂಪ್ಲಿಯ ಮಾವ ನದಿಯ ಪಕ್ಕದ ಗದ್ದೆಯವನು. ಬೇಸಿಗೆ ಬೆಳೆಯ ಕಟಾವಿಗೂ ಮಕ್ಕಳ ರಜೆಗೂ ಪ್ರತಿವರ್ಷ ಜಗಳ, ಗೆಲ್ಲುವುದು ಭತ್ತವೇ. ರಾಮೋಜಿ ಫಿಲ್ಮ್ ಸಿಟಿ 1996ರಲ್ಲಿ ಆರಂಭವಾಗಿದ್ದು, ಜಗತ್ತಿನ ಅತಿದೊಡ್ಡ ಸ್ಟುಡಿಯೋ ಸಂಕೀರ್ಣವೆಂದು 1,666 ಎಕರೆಯ ಲೆಕ್ಕದಲ್ಲಿ ಗಿನ್ನೆಸ್ ದಾಖಲೆಗೆ ಸೇರಿದೆ ಎಂದು ಮಗಳು ಓದಿ ಹೇಳಿದಾಗ ಮಾವ ಚಹಾದ ಲೋಟ ಕೆಳಗಿಟ್ಟ.

“ಸಾವಿರದಾರುನೂರು ಎಕರೆ? ನೀರಾವರಿ ಏನು, ಒಣ ಭೂಮಿ ಏನು?”

ಈ ಪ್ರಶ್ನೆಗೆ ಗಿನ್ನೆಸ್ ಪುಸ್ತಕದಲ್ಲಿ ಉತ್ತರವಿಲ್ಲ. ಪಾಶ್ಚಾತ್ಯ ಸಂಶೋಧನಾ ವಿಧಾನದ ಮಿತಿ ಇದು. ವಂಡರ್‌ಲಾ 82 ಎಕರೆಯೆಂದಾಗ, ಅಷ್ಟಕ್ಕೆ ಪ್ರವೇಶ ಶುಲ್ಕ ಯಾಕೆ ಎಂದ. ಅಲೆಯ ಕೊಳದ ವಿಡಿಯೋ ತೋರಿಸಿದರು. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಕೊಚ್ಚಿಹೋದಾಗ ಕಣ್ಣು ಮುಚ್ಚದೆ ಕೂತವನಿಗೆ, ಕಂಪ್ಲಿಯ ಸೇತುವೆ ಮುಳುಗುವುದನ್ನು ಹುಟ್ಟಿದಾರಭ್ಯ ನೋಡಿದವನಿಗೆ ಎಂಥ ಅಲೆ! “ದುಡ್ಡು ಕೊಟ್ಟು ಯಾರಾದ್ರೂ ನೀರಾಗ ಬೀಳ್ತಾರೇನು?” ಎಂದು ಎದ್ದು ಹೋದ. ಮತವನ್ನು ತಟಸ್ಥವೆಂದು ದಾಖಲಿಸಲಾಗಿದೆ.

ಸಂಡೂರಿನ ಭಾವ ಗಣಿ ಕಂಪನಿಯೊಂದರ ವೇಬ್ರಿಡ್ಜಿನಲ್ಲಿ ಕೂರುವವನು, ತೂಕವಿಲ್ಲದೆ ಮಾತಾಡುವುದಿಲ್ಲ. ಅದಿರಿನ ಟಿಪ್ಪರಿನ ಹಿಂದೆ ಘಾಟಿನಲ್ಲಿ ಬೈಕು ಓಡಿಸುವವರಿಗೆ ರೋಲರ್ ಕೋಸ್ಟರಿನ ಅಗತ್ಯವಿಲ್ಲ ಎಂಬುದು ಅವನ ಪ್ರಬಂಧ. ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡ, ನಾರಿಹಳ್ಳ ನೋಡಿದರೆ ಸಾಕು, ಊಟ ತನ್ನ ಮನೆಯಲ್ಲೇ ಎಂದೂ ಸೇರಿಸಿದ. ಈ ಸೂಚನೆಯನ್ನು ಸಭೆ ಕೇಳಿಸಿಕೊಳ್ಳಲಿಲ್ಲ. ನಂಟರ ಮನೆಗೆ ಹೋಗುವುದು ಪ್ರವಾಸವಲ್ಲ, ಹಾಜರಾತಿ.

ವಿಧಿ-ನಿಷೇಧಗಳ ವಿಷಯಕ್ಕೆ ಬಂದರೆ ಜೈಮಿನಿಯ ಮೀಮಾಂಸೆಯನ್ನು ಬಿಟ್ಟು ಗತಿಯಿಲ್ಲ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ತೊಡತಕ್ಕದ್ದು ಎಂಬುದು ವಿಧಿ. ಸೀರೆ ಕೂಡದು, ಹೊರಗಿನ ತಿನಿಸು ತರಕೂಡದು ಎಂಬುದು ನಿಷೇಧ. ಅತ್ತೆ, ಅಂದರೆ ಯಜಮಾನನ ತಾಯಿ, ಎರಡೂ ಕಡೆ ಬಿಗಿಯಾದರು: ಇಳಕಲ್ ಸೀರೆ ಬಿಟ್ಟು ಅವರು ಬೇರೆ ಉಡುವುದಿಲ್ಲ, ಸಜ್ಜೆ ರೊಟ್ಟಿ-ಶೇಂಗಾ ಚಟ್ನಿಯ ಗಂಟಿಲ್ಲದೆ ಹೊಸ್ತಿಲು ದಾಟುವುದಿಲ್ಲ. ನಿಷೇಧಕ್ಕೆ ಅಪವಾದವುಂಟೇ ಎಂಬ ಚರ್ಚೆ ರಾತ್ರಿಯ ಸೀರಿಯಲ್ ಶುರುವಾಗುವವರೆಗೆ ನಡೆಯಿತು.

ಮೀಮಾಂಸೆಯ ಹೃದಯವಾದ ಅಧಿಕಾರ ಪ್ರಕರಣ ಇದರ ನಂತರದ್ದು. ಯಾಗಕ್ಕೆ ಯಾರು ಅಧಿಕಾರಿ ಎಂದು ಜೈಮಿನಿ ಕೇಳಿದ. ಪುಕ್ಕಟೆ ಬಸ್ಸಿಗೆ ಯಾರು ಅಧಿಕಾರಿ ಎಂದು ಈ ಮನೆ ಕೇಳಿತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಸ್ಲೀಪರಿಗಿಲ್ಲ, ಎಸಿಗಿಲ್ಲ, ಹೈದರಾಬಾದಿಗಂತೂ ಇಲ್ಲವೇ ಇಲ್ಲ. ಹೆಂಡತಿ ಬೆರಳು ಮಡಚಿ ಎಣಿಸಿದಳು: ತಾನು, ಅತ್ತೆ, ಮಗಳು.

“ರೀ, ನಮ್ಮ ಮೂರೂ ಮಂದಿದು ಬೆಂಗಳೂರತನಕ ಫ್ರೀ ಐತಿ. ಖರ್ಚೆಲ್ಲಾ ನಿಮ್ಮಿಬ್ಬರದೇ. ನೀವು ಅಪ್ಪ ಮಗ ಮನ್ಯಾಗ ಇರ್ರಿ, ನಳ ಬಂದಾಗ ನೀರು ಹಿಡೀರಿ.”

ಮಾಧವಾಚಾರ್ಯರ 16 ದರ್ಶನಗಳಲ್ಲಿ ಯಾವುದೂ ಇಷ್ಟು ಚೊಕ್ಕವಾಗಿ ಒಂದು ಪ್ರಶ್ನೆಯನ್ನು ಮುಗಿಸಿಲ್ಲ. ರಾಮೋಜಿಯ ಪಕ್ಷ ಅಲ್ಲೇ ಕುಸಿಯಿತು. ಎರಡು ವಿಹಾರಧಾಮಗಳ ತಾರತಮ್ಯವನ್ನು ಆಟಗಳ ಸಂಖ್ಯೆಯಿಂದ, ಕೋಣೆಯ ಬಾಡಿಗೆಯಿಂದ, ತಾರೆಗಳಿಂದ ಅಳೆಯುವ ಇದುವರೆಗಿನ ಪದ್ಧತಿಯೆಲ್ಲ ತಪ್ಪೆಂದು ಪ್ರಬಂಧಕಾರನ ನಿಲುವು. ಅಳೆಯಬೇಕಾದ್ದು ಕಂಡಕ್ಟರು ಕೊಡುವ ಶೂನ್ಯ ರೂಪಾಯಿಯ ಚೀಟಿಯಿಂದ.

ಇಲ್ಲಿ ಇತಿಹಾಸಕಾರರ ಪೂರ್ವಪಕ್ಷವೊಂದನ್ನು ಎದುರಿಸಲೇಬೇಕು. ಹಂಪಿಯೇ ಒಂದು ವಿಹಾರಧಾಮವಲ್ಲವೇ, ಹೊಸಪೇಟೆಯವರಿಗೆ ಇನ್ನೊಂದು ಯಾಕೆ? ವಾದ ಬಲವಾದದ್ದೇ. 1443ರಲ್ಲಿ ಪರ್ಷಿಯಾದಿಂದ ಅಬ್ದುರ್ ರಜಾಕ್ ಬಂದು ಹೊಗಳಿ ಬರೆದ. 1520ರ ಸುಮಾರಿಗೆ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಬಂದು, ಗುಡ್ಡ ಹತ್ತಿ ನೋಡಿ, ಊರು ರೋಮಿನಷ್ಟು ದೊಡ್ಡದೆಂದ. ಇವನ್ನು ನಮ್ಮ ನಾಡಿನ ಮೊದಲ ಪ್ರವಾಸಿ ವಿಮರ್ಶೆಗಳೆನ್ನಲು ಅಡ್ಡಿಯಿಲ್ಲ. ಇಬ್ಬರೂ ಪಾರ್ಕಿಂಗ್ ಬಗ್ಗೆ ದೂರಿಲ್ಲ. ಮಹಾನವಮಿ ದಿಬ್ಬದ ಮುಂದೆ ಒಂಬತ್ತು ದಿನ ಕುಸ್ತಿ, ಕುಣಿತ, ಬಾಣಬಿರುಸು. ಕೃಷ್ಣದೇವರಾಯ ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕುದುರೆ ಓಡಿಸುತ್ತಿದ್ದನೆಂದು ಪಾಯೆಸ್ ಬರೆದಿದ್ದಾನೆ. ಈಗಿನ ರೆಸಾರ್ಟುಗಳು ಇದನ್ನೇ ವೆಲ್‌ನೆಸ್ ಪ್ಯಾಕೇಜ್ ಎಂದು ಕರೆದು ತೆರಿಗೆ ಹಾಕಿ ಮಾರುತ್ತವೆ. ರಾಣಿಯರ ಸ್ನಾನಗೃಹವಂತೂ ನೀರೊಂದನ್ನು ಬಿಟ್ಟರೆ ಪೂರ್ತಿ ವಾಟರ್ ಪಾರ್ಕು.

ಉತ್ತರಪಕ್ಷ: ಹಂಪಿ 1986ರಿಂದ ವಿಶ್ವಪರಂಪರೆ, 50 ರೂಪಾಯಿ ನೋಟಿನ ಹಿಂಬದಿಯ ಚಿತ್ರ, ಎಲ್ಲ ನಿಜ. ಆದರೆ ಏಪ್ರಿಲ್‌ನಲ್ಲಿ ಆ ಬಂಡೆಗಳ ಮೇಲೆ ಮಧ್ಯಾಹ್ನ ಎರಡಕ್ಕೆ ಹೋದ ಮಗು ಪರಂಪರೆ ಎನ್ನುವುದಿಲ್ಲ, ಕೋಲ್ಡ್ರಿಂಕ್ಸ್ ಎನ್ನುತ್ತದೆ. ಅದೂ ಅಲ್ಲದೆ, ಶಾಲೆಯಿಂದ ಕರೆದೊಯ್ದ ಜಾಗ ಯಾವತ್ತೂ ಆಟದ ಜಾಗವಾಗುವುದಿಲ್ಲ. ಬಂದು ಪ್ರಬಂಧ ಬರೆಯಬೇಕಿರುತ್ತದೆ.

ಉಳಿದದ್ದು ಅದ್ವೈತ. ಅದನ್ನು ಮಂಡಿಸಿದವರು ಅತ್ತೆ, ಅವರೆಕಾಳು ಬಿಡಿಸುತ್ತ. ರಾಮೋಜಿಯಲ್ಲಿ ಏನಿದೆ ಎಂದು ಮೊಮ್ಮಗಳನ್ನು ಕೇಳಿದರು. ಅರಮನೆ, ದೇವಸ್ಥಾನ, ರೈಲ್ವೆ ಸ್ಟೇಷನ್, ವಿಮಾನ ನಿಲ್ದಾಣ.

“ರೈಲು ಬರ್ತೈತಾ?”

“ಇಲ್ಲಜ್ಜಿ, ಸೆಟ್ಟು.”

“ದೇವ್ರು?”

“ಅದೂ ಸೆಟ್ಟೇ.”

“ಮತ್ತ ಆ ಬಿಡದ್ಯಾಗ?”

“ಮೇಲೆ ಹೋಗ್ತೀವಿ, ಕೆಳಗೆ ಬರ್ತೀವಿ.”

“ಎಲ್ಲಿಗೂ ಹೋಗಂಗಿಲ್ಲ?”

“ಇಲ್ಲ. ಹತ್ತಿದಲ್ಲೇ ಇಳೀತೀವಿ.”

ಒಂದರಲ್ಲಿ ಇರುವುದು ಇಲ್ಲ, ಇನ್ನೊಂದರಲ್ಲಿ ಹೋಗುವುದು ಇಲ್ಲ. ಎರಡಕ್ಕೂ ಭೇದವೇನು ಎಂಬಂತೆ ಅತ್ತೆ ಮೊರ ಕೊಡವಿದರು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಮೇಲಾಗಿ ಚೈತ್ರದ ಹುಣ್ಣಿಮೆಗೆ ಹಂಪಿಯಲ್ಲಿ ವಿರೂಪಾಕ್ಷನ ತೇರು, ತೇರು ಎಳೆಯುವ ಮುನ್ನ ತಾನು ಊರು ಬಿಡುವುದಿಲ್ಲ ಎಂದರು. ಅದನ್ನು ಯಾರೂ ಖಂಡಿಸಲಿಲ್ಲ. ಖಂಡಿಸುವ ದರ್ಶನ ಪಟ್ಟಿಯಲ್ಲಿ ಉಳಿದಿರಲಿಲ್ಲ.

ಅಂತೂ ತೇರಿನ ಮರುವಾರ ಬಿಡದಿ, ಸಾಮಾನ್ಯ ಬಸ್ಸು, ಗಂಡಸರು ಸ್ವಂತ ಖರ್ಚಿನಲ್ಲಿ ಎಂಬ ಸಿದ್ಧಾಂತ ಹೊರಬೀಳುವಷ್ಟರಲ್ಲಿ ಯಜಮಾನನ ಫೋನು ಬಡಿದುಕೊಂಡಿತು. ಕೆಂಗೇರಿಯ ಚಿಕ್ಕಪ್ಪನ ಮಗ. ಮೈಸೂರು ರಸ್ತೆಯಲ್ಲಿ ಬಿಡದಿಯ ಪಕ್ಕದಲ್ಲೇ ವಾಸ. ವಂಡರ್‌ಲಾದ ಬೋರ್ಡನ್ನು ನಿತ್ಯ ನೋಡುತ್ತಾನೆ, ಒಳಗೆ ಕಾಲಿಟ್ಟಿಲ್ಲ. ತೇರಿನ ಮರುವಾರ ಸಂಸಾರ ಸಮೇತ ಹಂಪಿಗೆ ಹೊರಟಿದ್ದಾನೆ. ಕಮಲಾಪುರದಲ್ಲಿ ವಿಜಯನಗರದ ಅರಮನೆಯಂತೆ ಕಟ್ಟಿದ ರೆಸಾರ್ಟೊಂದಿದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಷಿಪ್ಪಿನಲ್ಲಿ ಇನ್ನೊಂದು ಹೋಟೆಲಿದೆ. ಯಾವುದು ವಾಸಿ, ಈಜುಕೊಳ ಯಾವುದರಲ್ಲಿ ಆಳ, ಮಕ್ಕಳಲ್ಲಿ ಎರಡು ಪಕ್ಷವಾಗಿ ಮೂರು ದಿನದಿಂದ ಮನೆಯಲ್ಲಿ ಊಟ ಸೇರುತ್ತಿಲ್ಲ, ಅಲ್ಲಿಯವನಾದ ನೀನೇ ಹೇಳಬೇಕು ಅಣ್ಣಾ ಎಂದ.

ಯಜಮಾನ ಹೆಂಡತಿಯ ಮುಖ ನೋಡಿದ. ಆಕೆ ಅಟ್ಟದ ಮೇಲಿನ ಹಾಸಿಗೆಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದಳು.

“ಎಷ್ಟು ಮಂದಿ ಬರ್ತಾರಂತ ಕೇಳ್ರೀ ಮೊದ್ಲು.”